ಮಂಜಮ್ಮ ಏಳುತ್ತಿದ್ದದ್ದು

ಸೊರಬದಿಂದ ಶಿಕಾರಿಪುರಕ್ಕೆ ಹೊರಟ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ.

ಜರ್ಮನಿಯಲ್ಲಿ ನಾನು ಓದುತ್ತಿರುವುದು ಇಂಡಸ್ಟ್ರಿಯಲ್ ಸಿಸ್ಟಮ್ಸ್ ಎಂಜಿನಿಯರಿಂಗ್. ಕೆಲಸದಲ್ಲಿ ಹೊತ್ತು ಎಲ್ಲಿ ಪೋಲಾಗುತ್ತದೆಂದು ಅಳೆಯುವ ವಿದ್ಯೆ. ಪ್ರಾಜೆಕ್ಟಿಗಾಗಿ ಸೊರಬದ ಅಕ್ಕಿ ಗಿರಣಿಯೊಂದರಲ್ಲಿ ನಾಲ್ಕು ದಿನ ಮೊಬೈಲ್ ಹಿಡಿದು ನಿಂತಿದ್ದೆ. ಅಕ್ಕಿಯಲ್ಲಿ ಕಲ್ಲು ಆರಿಸುವ ಮೂವರಲ್ಲಿ ಒಬ್ಬರಾದ ಮಂಜಮ್ಮ ಆಗಾಗ ಎದ್ದು ಹೊರಗೆ ಹೋಗುತ್ತಿದ್ದರು. ಅದನ್ನು ‘ಅನಗತ್ಯ ಓಡಾಟ’ ಎಂದು ಬರೆದೆ. ಮೂವರ ಕೆಲಸಕ್ಕೆ ಇಬ್ಬರು ಸಾಕೆಂದು ನಿನ್ನೆ ಮಾಲೀಕರಿಗೆ ತೋರಿಸಿದೆ.

ಇವತ್ತು ನಾನು ಬಸ್ಸಿಗೆ ಕಾಯುತ್ತಿದ್ದಾಗ, ಹನ್ನೊಂದು ಗಂಟೆಗೇ ಮಂಜಮ್ಮ ಬುತ್ತಿ ಡಬ್ಬಿ ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದರು.

“ಇಷ್ಟು ಬೇಗ ಹೊರಟ್ರಾ?”

“ಇನ್ನು ಬರಬೇಡ ಅಂದ್ರು.”

“ಆ ಲೆಕ್ಕ ಬರೆದುಕೊಟ್ಟಿದ್ದು ನಾನೇ ರೀ.”

“ಗೊತ್ತು.”

“ಅಷ್ಟು ಸಲ ಯಾಕೆ ಎದ್ದು ಹೋಗ್ತಿದ್ರಿ?”

“ತೌಡಿನ ಧೂಳಿಗೆ ಉಸಿರು ಕಟ್ತಿತ್ತು ಕಣಮ್ಮ. ಆವಾಗ್ಲೇ ಕೇಳಿದ್ರೆ ಹೇಳ್ತಿದ್ದೆನಲ್ಲ.”

ನಾಲ್ಕು ದಿನದಲ್ಲಿ ನಾನು ಅವರನ್ನು ಒಂದು ಮಾತೂ ಕೇಳಿರಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು. ಮಾಲೀಕರಿಗೆ ಫೋನ್ ಮಾಡಿದೆ, ಅವರು ಎತ್ತಲಿಲ್ಲ.

ಬಸ್ಸಿನಲ್ಲಿ ಮಂಜಮ್ಮನ ಪಕ್ಕದ ಸೀಟು ಖಾಲಿ ಇತ್ತು. ನಾನು ಹಿಂದೆ ಹೋಗಿ ಕೂತೆ.