ಡಾಕ್ಟರಮ್ಮನ ಚಿನ್ನದ ಬಳೆ

ಡಾಕ್ಟರ್ ಗಂಗಾಂಬಿಕೆ ಜಂಬದ ಹೆಂಗಸು. ತಮ್ಮನ್ನು ತಿದ್ದುವವರು ತುಮಕೂರು ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲವೆಂದು ನಂಬಿದ್ದವರು. ಇದು ಆಗದವರು ಹಬ್ಬಿಸಿದ ಮಾತಲ್ಲ. ಕೇಳಿದರೆ ಅವರೇ ಹೇಳುತ್ತಿದ್ದರು.

ತೊಂಬತ್ತೆಂಟರಲ್ಲಿ, ಅವರು ಲ್ಯಾಬು ನೋಡಿಕೊಳ್ಳುತ್ತಿದ್ದ ಆಸ್ಪತ್ರೆಯಲ್ಲಿ, ತಿಂಗಳು ತುಂಬದೆ ಹುಟ್ಟಿದ ಕೂಸುಗಳ ವಾರ್ಡಿಗೆ ಒಂದು ಬ್ಯಾಕ್ಟೀರಿಯ ಹೊಕ್ಕಿತು. ಮೊದಲು ಕುಣಿಗಲ್ ಕಡೆಯ ಅವಳಿಗಳಿಗೆ, ಆಮೇಲೆ ಒಂದೊಂದಾಗಿ ಉಳಿದ ಕೂಸುಗಳಿಗೆ ಜ್ವರ ಏರಿತು. ಆಸ್ಪತ್ರೆಯಲ್ಲಿದ್ದ ಯಾವ ಆಂಟಿಬಯಾಟಿಕ್ಕಿಗೂ ಅದು ಜಗ್ಗಲಿಲ್ಲ; ಬೆಂಗಳೂರಿನಿಂದ ಬೇರೆ ಔಷಧಿ ತರಿಸಿ ಬದುಕಿಸಬೇಕಾಯಿತು. ಸೋಂಕು ತಗಲದೆ ಉಳಿದದ್ದು ಗುಬ್ಬಿಯ ಕದರಮ್ಮನ ಹೆಣ್ಣುಮಗು ಒಂದೇ. ಅದನ್ನಾದರೂ ಕಾಪಾಡಿಕೊಳ್ಳಬೇಕಿತ್ತು.

ಒಳಗೆ ಕಾಲಿಡುವವರು ಗಾಜಿನ ಬಳೆ ಕಳಚಿ, ಮೊಣಕೈವರೆಗೆ ಸೋಪು ಹಾಕಿ ತೊಳೆಯತಕ್ಕದ್ದು ಎಂದು ಗಂಗಾಂಬಿಕೆ ಫರ್ಮಾನು ಹೊರಡಿಸಿದರು. ನರ್ಸುಗಳು ಗೊಣಗುತ್ತಾ ಕಳಚಿದರು. ಹಾಲೂಡಿಸಲು ಬಂದ ಕದರಮ್ಮ ಬಾಗಿಲಲ್ಲೇ ನಿಂತಳು.

"ಬಳೆ ತೆಗ್ಯಕ್ಕೆ ನನ್ ಗಂಡ ಏನ್ ಸತ್ತೋಗವ್ನಾ?"

"ನಿನ್ ಗಂಡ ಗುಂಡುಕಲ್ಲಿನ ಹಾಗಿದಾನೆ. ಮಗು ಹಾಗಿಲ್ಲ. ತೆಗಿ," ಎಂದರು ಗಂಗಾಂಬಿಕೆ.

ಅವಳು ಅಳುತ್ತಲೇ ಕಳಚಿದಳು. ಡಾಕ್ಟರಿಗೆ ತಮ್ಮ ವೈಜ್ಞಾನಿಕ ಮನೋಭಾವದ ಬಗ್ಗೆ ಬಹಳ ಸಂತೋಷವಾಯಿತು. ಬೇರೆಯವರ ಕೈಯನ್ನು ನಂಬದೆ, ಒಂದೊಂದು ಮಗುವಿನ ರಕ್ತವನ್ನೂ ತಾವೇ ತೆಗೆಯುತ್ತಿದ್ದರು.

ಆಮೇಲೆ ನಲ್ಲಿ, ಸಿಂಕು, ನರ್ಸುಗಳ ಕೈ, ಎಲ್ಲವನ್ನೂ ಹತ್ತಿಕಡ್ಡಿಯಿಂದ ಒರೆಸಿ ಲ್ಯಾಬಿನಲ್ಲಿ ಬೆಳೆಸಿ ನೋಡಿದರು. ಏನೂ ಸಿಗಲಿಲ್ಲ. ಶುದ್ಧವಾದ ಕೈ ಹೇಗಿರುತ್ತದೆಂದು ಪಾಠ ಹೇಳಲು ತಮ್ಮ ಮಣಿಕಟ್ಟನ್ನೂ ಒರೆಸಿ, ಬ್ಯಾಕ್ಟೀರಿಯ ಬೆಳೆಸುವ ಒಂದು ಗಾಜಿನ ತಟ್ಟೆಗೆ ಹಾಕಿದ್ದರು. ನರ್ಸುಗಳನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಮುಚ್ಚಳ ತೆಗೆದರೆ, ಅದೇ ಬ್ಯಾಕ್ಟೀರಿಯ, ಗಂಜಿಯ ಕೆನೆಯಂತೆ ದಪ್ಪಗೆ ಕಟ್ಟಿಕೊಂಡಿತ್ತು.

ಅವರ ಕೈಯಲ್ಲಿ ಅತ್ತೆ ತೊಡಿಸಿದ ಎರಡು ಚಿನ್ನದ ಬಳೆಗಳಿದ್ದವು. ಊರವರಿಂದೆಲ್ಲ ಗಾಜಿನ ಬಳೆ ಕಳಚಿಸಿದವರಿಗೆ ಚಿನ್ನದ ನೆನಪೇ ಬಂದಿರಲಿಲ್ಲ. ರೇಷ್ಮೆಗೂ ಚಿನ್ನಕ್ಕೂ ಮೈಲಿಗೆ ತಟ್ಟುವುದಿಲ್ಲವೆಂದು ಅಜ್ಜಿ ಕಲಿಸಿದ್ದು, ಎಂ.ಡಿ. ಪದವಿಯನ್ನೂ ದಾಟಿಕೊಂಡು ತಲೆಯಲ್ಲಿ ಭದ್ರವಾಗಿ ಕೂತಿತ್ತು. ತೊಟ್ಟಿಲಿಂದ ತೊಟ್ಟಿಲಿಗೆ ಸೋಂಕು ಹೊತ್ತು ತಿರುಗಿದವರು ಸಾಕ್ಷಾತ್ ಡಾಕ್ಟರಮ್ಮನೇ.

ಹಿರಿಯ ನರ್ಸು ನರಸಿಂಹಮ್ಮ ತಟ್ಟೆಯೊಳಗೆ ಬಗ್ಗಿ ನೋಡಿದರು. "ಬ್ಯಾಕ್ಟೀರಿಯಾನೂ ಬೆಲೆ ನೋಡ್ಕೊಂಡೇ ಕೂತದೆ ಮೇಡಂ."

ಸೋಪು ಹಚ್ಚಿದರೂ ಬಳೆ ಬರಲಿಲ್ಲ. ಚಿಕ್ಕಪೇಟೆಯ ಅಕ್ಕಸಾಲಿಗನ ಹತ್ತಿರ ಕತ್ತರಿಸಿಕೊಂಡು ಬಂದರು. ಕದರಮ್ಮನ ಮಗುವಿನ ರಕ್ತವನ್ನು ಮತ್ತೆ ತೆಗೆಯಬೇಕಿತ್ತು. ಬಾಗಿಲ ಬಳಿ ಕೂತಿದ್ದ ಅವಳಿಗೆ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿ, ಕೈ ತೊಳೆದು, ಎರಡೂ ಕೈಗಳನ್ನು ಅವಳ ಮುಂದೆ ಚಾಚಿದರು.

"ನೋಡಮ್ಮ. ನೀನು ಸರಿ ಅಂದ್ರೆ ಒಳಗೆ ಹೋಗ್ತೀನಿ."

ಕದರಮ್ಮ ಮುಟ್ಟದೆ, ಬಗ್ಗಿ, ನಿಧಾನವಾಗಿ ನೋಡಿದಳು.

"ಉಗುರು ಬೆಳ್ದವೆ ಕಣವ್ವ."

ಗಂಗಾಂಬಿಕೆ ಒಳಗೆ ಹೋಗಲಿಲ್ಲ. ನರಸಿಂಹಮ್ಮನನ್ನು ಕರೆದು ನೇಲ್ ಕಟರ್ ಕೇಳಿದರು.