ಎರಡನೆಯ ಬಟ್ಟಲು

ಪಿಲ್‌ಸುನ್‌ಳ ಕೈ ನಡುಗತೊಡಗಿದ್ದು ಅವಳು ಆಂದೊಂಗ್ ಪೇಟೆಯಲ್ಲಿ ಬಟ್ಟೆ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದಾಗ. ಸುಮ್ಮನೆ ಕೂತಿದ್ದರೆ ಕೈ ಕಲ್ಲಿನ ಹಾಗಿರುತ್ತಿತ್ತು. ಸೂಜಿಗೆ ದಾರ ಪೋಣಿಸಲು ಎತ್ತಿದರೆ ಸಾಕು, ಬಲೆಗೆ ಬಿದ್ದ ಮೀನಿನ ಹಾಗೆ ಒದ್ದಾಡುತ್ತಿತ್ತು. ಅಂಗಡಿ ಮುಚ್ಚಿದಳು. ಅದನ್ನು ಹೇಗೋ ನುಂಗಿಕೊಂಡಳು. ನುಂಗಲಾಗದೆ ಹೋದದ್ದು ಬಟ್ಟಲಿನ ವಿಷಯ.

ಅವಳು ಆ ಮನೆಯ ಹಿರಿಸೊಸೆ. ಮಾವನ ತಿಥಿಯಲ್ಲಿ ಎಡೆಯ ಮುಂದೆ ಮೊದಲನೆಯ ಬಟ್ಟಲು ಮದ್ಯ ಅರ್ಪಿಸುವವನು ಹಿರಿಮಗ, ಎರಡನೆಯದು ಅವನ ಹೆಂಡತಿ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿಯಬೇಕು, ಚೆಲ್ಲಬಾರದು. ಅದೊಂದು ಕೈತಪ್ಪಿದರೆ ಹಿರಿಸೊಸೆ ಬರೀ ಅಡುಗೆಯವಳು.

ನೆರೆಮನೆಯ ಮದುವೆಯಲ್ಲಿ ಒಂದು ಗುಟುಕು ಕುಡಿದಾಗ ಅವಳಿಗೊಂದು ಸಂಗತಿ ಗೊತ್ತಾಗಿತ್ತು: ಸ್ವಲ್ಪ ಹೊತ್ತು ಕೈ ನಿಲ್ಲುತ್ತದೆ. ಆಮೇಲಿಂದ ತಿಥಿಯ ದಿನ ಬಟ್ಟಲು ಹಿಡಿಯುವ ಮುಂಚೆ ಅಡುಗೆಮನೆಯಲ್ಲಿ ಒಂದು ಗುಟುಕು. ಒಂದೆರಡು ವರ್ಷ ದಾಟಿತು. ಒಮ್ಮೆ ನೀರಿಗೆಂದು ಬಂದ ವಾರಗಿತ್ತಿ ಯಾಂಗ್‌ಮಿ, ಪಿಲ್‌ಸುನ್ ಎಡೆಯ ಮದ್ಯದ ಕೆಟಲನ್ನೇ ಬಾಯಿಗಿಟ್ಟುಕೊಂಡಿದ್ದು ನೋಡಿಬಿಟ್ಟಳು.

"ಅತ್ತೇ, ಬೇಗ ಬನ್ನಿ! ಮಾವನಿಗಿಂತ ಮುಂಚೆ ಅಕ್ಕನೇ ಎಡೆ ಸ್ವೀಕರಿಸ್ತಾ ಇದಾರೆ!"

ಅತ್ತೆ ಬಂದು ಸೊಸೆಯ ಬಾಯಿ ಮೂಸಿದಳು, ಎಲ್ಲರೆದುರು.

"ಅಯ್ಯೋ ಪಾಪಿ! ಅದಕ್ಕೇ ಕೈ ನಡುಗೋದು. ಕುಡುಕರ ಕೈ ಅಲ್ಲದೆ ಇನ್ಯಾರ ಕೈ ಹಿಂಗೆ ನಡುಗುತ್ತೆ?"

"ಕುಡಿದ್ರೆ ನಡುಗಲ್ಲ ಅತ್ತೆ. ಕುಡೀದೆ ಇದ್ರೇನೇ ನಡುಗೋದು..."

"ಕೇಳಿದ್ರಾ? ಕುಡುಕರೆಲ್ಲ ಹೇಳೋದೂ ಇದನ್ನೇ!"

ಅಂದಿನಿಂದ ಎರಡನೆಯ ಬಟ್ಟಲು ಯಾಂಗ್‌ಮಿಯದಾಯಿತು. ದೇಗು ನಗರದಿಂದ ಸರಿಯಾಗಿ ಬಟ್ಟಲಿನ ಹೊತ್ತಿಗೆ ಬರುವಳು, ರೇಷ್ಮೆಯುಟ್ಟು. ಅರ್ಪಿಸುವಳು, ಅಡ್ಡಬೀಳುವಳು, ಉಂಡು ಹೋಗುವಳು. ಮೀನು ಬೇಯಿಸುವುದು, ತರಕಾರಿ ಹಿಟ್ಟಿನಲ್ಲಿ ಅದ್ದಿ ಕರಿಯುವುದು, ಹಿತ್ತಾಳೆ ಪಾತ್ರೆ ಉಜ್ಜುವುದು ಎಲ್ಲ ಪಿಲ್‌ಸುನ್‌ಳ ಪಾಲು. ನಡುಗುವ ಕೈಗೆ ಕಾದ ಎಣ್ಣೆ ಕರುಣೆ ತೋರಿಸುವುದಿಲ್ಲ. ಮುಂಗೈ ತುಂಬ ಸುಟ್ಟ ಕಲೆಗಳಾದವು. ಪ್ರತಿ ಕಲೆಗೂ ಅವಳು ಯಾಂಗ್‌ಮಿಯ ಹೆಸರಿಟ್ಟಳು.

"ಬಿಟ್ಟಾಕು. ಒಂದು ಬಟ್ಟಲು ತಾನೇ," ಎಂದ ಗಂಡ ಗಿತೇ.

"ಹಂಗಾದ್ರೆ ನಿಮ್ಮ ಮೊದಲನೇ ಬಟ್ಟಲು ತಮ್ಮನಿಗೆ ಬಿಟ್ಕೊಡಿ."



ಸುಗ್ಗಿ ಹಬ್ಬದ ಊಟದಲ್ಲಿ ಮಗಳು ಹಾರಿಮ್ ಸಾರಿನ ಚಮಚ ಎತ್ತಿದಳು. ಚಮಚ ಸಣ್ಣಗೆ ಅದುರಿ, ಸಾರು ಗಲ್ಲದ ಮೇಲೆ ಚೆಲ್ಲಿತು. ಹೈಸ್ಕೂಲಿಗೆ ಹೋಗುವ ಹುಡುಗಿ.

"ನೋಡಿ ನೋಡಿ, ಅಮ್ಮನ ಕೆಟಲಿಗೆ ಮಗಳೂ ಬಾಯಿ ಹಾಕಿದ ಹಾಗಿದೆ!" ಎಂದಳು ಯಾಂಗ್‌ಮಿ.

ಎಲ್ಲರೂ ನಕ್ಕರು. ಹಾರಿಮ್ ಚಮಚ ಕೆಳಗಿಟ್ಟು ಕೈಯನ್ನು ತೊಡೆಯ ಕೆಳಗೆ ಅವಿತಿಟ್ಟುಕೊಂಡಳು. ಆ ಊಟದಲ್ಲಿ ಮತ್ತೆ ಅದನ್ನು ಹೊರಗೆ ತೆಗೆಯಲಿಲ್ಲ.

ಮರುದಿನದಿಂದ ಪಿಲ್‌ಸುನ್‌ಳ ಕಣ್ಣು ಮಗಳ ಬೆರಳು ಬಿಟ್ಟು ಕದಲಲಿಲ್ಲ. ಗುಂಡಿ ಹಾಕುವಾಗ ನಡುಗಿತೇ? ಪೆನ್ಸಿಲ್ ಹಿಡಿದಾಗ? ನೋಡಬಾರದೆಂದುಕೊಂಡೇ ನೋಡುವಳು. ನೋಡಿದರೆ ಹುಡುಗಿಗೆ ಇನ್ನೂ ಹೆಚ್ಚು ನಡುಗೀತು ಎಂದು ಹೆದರಿ ಮುಖ ತಿರುಗಿಸುವಳು. ತನ್ನನ್ನು ಕುಡುಕಿ ಎಂದದ್ದು ತನ್ನೊಂದಿಗೆ ಮಣ್ಣಾಗುತ್ತಿತ್ತೇನೋ. ಮಗಳಿಗೂ ಅದೇ ಹೆಸರು ಅಂಟಿಸುತ್ತಾರೆಂದ ಮೇಲೆ ಸುಮ್ಮನಿರಲು ಅವಳಿಂದಾಗಲಿಲ್ಲ.

ಗಂಡನನ್ನು ಕರೆದುಕೊಂಡು ರಾಜಧಾನಿ ಸೋಲ್ ನಗರದ ದೊಡ್ಡ ಆಸ್ಪತ್ರೆಗೆ ಹೋದಳು. ನರರೋಗದ ಡಾಕ್ಟರು ಅವಳ ಕೈಗೆ ನೀರಿನ ಲೋಟ ಕೊಟ್ಟು ನೋಡಿದರು. ಆಮೇಲೆ, "ಒಂದು ಗುಟುಕು ಕುಡಿದರೆ ನಡುಕ ಕಡಿಮೆ ಆಗುತ್ತಾ?" ಎಂದರು.

ಗಿತೇ ಕೆಮ್ಮಿದ. ಪಿಲ್‌ಸುನ್ ತಲೆ ತಗ್ಗಿಸಿ, "ಹೌದು," ಎಂದಳು.

"ಈ ನಡುಕದ ಕಾಯಿಲೇಲಿ ಎಷ್ಟೋ ಜನಕ್ಕೆ ಹಂಗೇ. ನೀವು ಕುಡಿದು ನಡುಗಿದವರಲ್ಲ, ನಡುಕ ತಾಳಲಾರದೆ ಕುಡಿದವರು. ಹಂಗಂತ ಅದನ್ನೇ ಮದ್ದು ಮಾಡ್ಕೋಬೇಡಿ."

"ಈ ಮಾತನ್ನ ನಮ್ಮತ್ತೆಗೆ ಫೋನ್ ಮಾಡಿ ಹೇಳ್ತೀರಾ?"

ಡಾಕ್ಟರು ನಕ್ಕರು. ಅವಳು ತಮಾಷೆಗೆ ಕೇಳಿರಲಿಲ್ಲ.

ಇದು ಎಷ್ಟೋ ಮನೆಗಳಲ್ಲಿ ರಕ್ತದಲ್ಲೇ ಇಳಿದು ಬರುತ್ತದೆ, ಮಗಳನ್ನೂ ಒಮ್ಮೆ ತೋರಿಸಿ ಎಂದರು. ಅವಳಿಗೆ ತನ್ನ ತಾಯಿಯ ನೆನಪಾಯಿತು. ಆ ತಾಯಿ ಎಂದೂ ಚಮಚದಲ್ಲಿ ಸಾರು ಕುಡಿದವಳಲ್ಲ. ಬೋಗುಣಿಯನ್ನೇ ಮೇಜಿಗೊತ್ತಿ ಬಾಯಿ ಬಗ್ಗಿಸುತ್ತಿದ್ದಳು. ಊರವರು ಅದನ್ನು ಒರಟುತನ ಎಂದಿದ್ದರು.

ಮಾತ್ರೆ ತಲೆ ಸುತ್ತಿಸಿತೇ ಹೊರತು ಕೈ ನಿಲ್ಲಿಸಲಿಲ್ಲ. ಆಗ ಡಾಕ್ಟರು ಹೊಸ ಚಿಕಿತ್ಸೆಯ ಮಾತೆತ್ತಿದರು. ತಲೆ ಕೊಯ್ಯುವುದಿಲ್ಲ. ಕಿವಿಗೆ ಕೇಳದ ಶಬ್ದದ ಅಲೆಗಳನ್ನು ಎಲ್ಲ ಕಡೆಯಿಂದ ಬಿಟ್ಟು, ಮಿದುಳಿನೊಳಗೆ ಕಾಳಿನಷ್ಟು ಜಾಗದಲ್ಲಿ ಕೂಡಿಸುತ್ತಾರೆ. ನಡುಕ ಹುಟ್ಟಿಸುವ ಆ ಚುಕ್ಕೆ ಬಿಸಿಗೆ ಸುಡುತ್ತದೆ. ತುಟಿ ಜೋಮು ಹಿಡಿಯಬಹುದು, ನಡಿಗೆ ತೊಡರಬಹುದು, ವರ್ಷಗಳ ಮೇಲೆ ನಡುಕ ಮರಳಲೂಬಹುದು. ಒಂದು ಸಲಕ್ಕೆ ಒಂದೇ ಕೈ.

"ಯಾವ ಕೈ?"

"ಬಲಗೈ," ಎಂದಳು. ಸೂಜಿಯದು, ಚಮಚದ್ದು. ಯೋಚನೆ ಮಾಡುವುದೇನಿತ್ತು?

ತಲೆ ನುಣ್ಣಗೆ ಬೋಳಿಸಿದರು, ಲೋಹದ ಚೌಕಟ್ಟು ಬಿಗಿದರು, ತಲೆಯ ಸುತ್ತ ತಣ್ಣೀರು ಹರಿಸಿದರು. ಎಚ್ಚರವಾಗಿಯೇ ಇದ್ದಳು. ನಡುನಡುವೆ ಪೆನ್ನು ಕೊಟ್ಟು ಸುರುಳಿ ಬರೆಸುತ್ತಿದ್ದರು. ಮೊದಲ ಸುರುಳಿ ತುಳಿದ ಶ್ಯಾವಿಗೆಯಂತಿತ್ತು, ಕೊನೆಯದು ಬಸವನಹುಳುವಿನ ಚಿಪ್ಪು. ನರ್ಸಿನ ಕಣ್ಣು ಒದ್ದೆಯಾಯಿತು. ಪಿಲ್‌ಸುನ್‌ಳ ಕಣ್ಣೆದುರು ಯಾಂಗ್‌ಮಿಯ ಮುಖ ಬಂತು.

ಮನೆಗೆ ಬಂದವಳೇ ಬಟ್ಟಲಿಗೆ ನೀರು ತುಂಬಿ ಎರಡೂ ಕೈಯಲ್ಲಿ ಎತ್ತಿದಳು. ಬಲಗೈ ಕಂಬ. ಎಡಗೈ ಬಡಬಡ ಬಡಿದು ನೀರೆಲ್ಲ ಮಡಿಲಿಗೆ.

ಹಿರಿಯರಿಗೆ ಒಂದೇ ಕೈಯಲ್ಲಿ ಒಂದು ಲೋಟ ನೀರನ್ನೂ ಕೊಡದ ನಾಡಿನಲ್ಲಿ ಹುಟ್ಟಿಯೂ ಈ ಲೆಕ್ಕ ಅವಳಿಗೂ ಹೊಳೆದಿರಲಿಲ್ಲ, ಗಂಡನಿಗೂ ಹೊಳೆದಿರಲಿಲ್ಲ. ಆಸ್ಪತ್ರೆಗೆ ಫೋನು ಮಾಡಿದರೆ, ಇನ್ನೊಂದು ಕೈಗೆ ತಿಂಗಳುಗಟ್ಟಲೆ ಕಾಯಬೇಕು, ಅದೂ ಪರೀಕ್ಷೆ ಮಾಡಿ ನೋಡಿದ ಮೇಲೆ ಎಂದರು. ತಿಥಿ ಮುಂದಿನ ವಾರವೇ ಇತ್ತು. ಒದ್ದೆ ಮಡಿಲಲ್ಲೇ ಕೂತು ತುಂಬ ಹೊತ್ತು ಎಡಗೈಯನ್ನು ನೋಡಿದಳು. ಆಮೇಲೆ ನಕ್ಕಳು. ಗಿತೇಗೆ ಆ ನಗು ಅಷ್ಟು ಹಿಡಿಸಲಿಲ್ಲ.

ತಿಥಿಯ ಸಂಜೆ ರೇಷ್ಮೆ ಸರಿಪಡಿಸಿಕೊಳ್ಳುತ್ತಿದ್ದ ಯಾಂಗ್‌ಮಿಗೆ ಅವಳು ಹೇಳಿದಳು: "ಇವತ್ತು ಎರಡನೇ ಬಟ್ಟಲು ನಂದು."

"ಅಕ್ಕಾ, ತಲೆ ಬೋಳಿಸ್ಕೊಂಡು ಸನ್ಯಾಸಿನಿ ಆಗಿದೀರಿ. ಸನ್ಯಾಸಿನಿಯರು ಮದ್ಯ ಮುಟ್ಟಬಾರದಂತೆ."

"ಸನ್ಯಾಸಿನಿ ಆಗಿದ್ರೆ ನಿನ್ನನ್ನ ಕ್ಷಮಿಸಿಬಿಡ್ತಿದ್ದೆ."

ಗಿತೇ ಮೊದಲ ಬಟ್ಟಲು ಅರ್ಪಿಸಿ ಎದ್ದ ತಕ್ಷಣ ಅವಳು ಎಡೆಯ ಮುಂದೆ ಮಂಡಿಯೂರಿದಳು. ಮದ್ಯ ಸುರಿಯುವವನು ಮೈದುನ, ಯಾಂಗ್‌ಮಿಯ ಗಂಡ. ಅವಳು ಬಟ್ಟಲು ಹಿಡಿದ ಬಲಗೈಯೊಂದನ್ನೇ ಚಾಚಿದಳು. ಅವನ ಕೆಟಲು ಗಾಳಿಯಲ್ಲೇ ನಿಂತಿತು.

"ಎರಡು ಕೈ!" ಅತ್ತೆ ಚೀರಿದಳು. "ನಾಯಿಗೆ ಎಸೀತಾ ಇದೀಯೇನೇ?"

"ಸುರಿಯಪ್ಪ. ಅಂಚಿನ ತನಕ."

ಅವನು ಸುರಿದ. ಅವಳು ತುಂಬಿದ ಬಟ್ಟಲನ್ನು ಎತ್ತಿ ಹಿಡಿದಳು, ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು. ಎದ್ದು ಅತ್ತೆಯ ಮೂಗಿನ ಮುಂದೆ ತಂದಳು, ಯಾಂಗ್‌ಮಿಯ ಮೂಗಿನ ಮುಂದೆ ತಂದಳು. ಮದ್ಯ ಗಾಜಿನ ಹಾಗೆ ನಿಂತಿತ್ತು. ಆಮೇಲೆ ಬೆನ್ನ ಹಿಂದಿದ್ದ ಎಡಗೈಯನ್ನು ಅದರ ಪಕ್ಕದಲ್ಲೇ ಎತ್ತಿದಳು. ಅದು ಹುಚ್ಚೆದ್ದು ಕುಣಿಯಿತು.

"ಈ ಕೈಗೆ ಚಿಕಿತ್ಸೆ ಆಗಿದೆ, ಈ ಕೈಗೆ ಇನ್ನೂ ಆಗಿಲ್ಲ. ಎರಡಕ್ಕೂ ಇರೋದು ಒಂದೇ ಬಾಯಿ ಅತ್ತೆ. ಬಾಯಿ ಕುಡಿದಿದ್ರೆ ಒಂದು ಕೈ ಮಾತ್ರ ಹೆಂಗೆ ನಡುಗುತ್ತೆ? ಹೇಳಿ. ಮಾವನೂ ಕೇಳಿಸ್ಕೊಳ್ಳಲಿ."

ಅವಳು ಬಟ್ಟಲನ್ನು ಎಡೆಯ ಮುಂದಿಟ್ಟು ಅಡ್ಡಬಿದ್ದಳು.

ಊಟ ಮುಗಿದ ಮೇಲೆ ಅತ್ತೆ ನೆಲ ನೋಡುತ್ತ, "ಆಯ್ತು, ಇನ್ನು ಬಟ್ಟಲು ನಿಂದೇ," ಎಂದಳು.

"ಬೇಡ ಅತ್ತೆ. ಯಾಂಗ್‌ಮೀನೇ ಇಟ್ಕೊಳ್ಳಲಿ. ಆದ್ರೆ ಬಟ್ಟಲು ಹಿಡಿಯೋಳೇ ಒಲೇನೂ ಹಿಡೀಬೇಕು."

ಎಡೆಯ ಹಿತ್ತಾಳೆ ಪಾತ್ರೆ, ಕರಿಯುವ ಬಾಣಲೆ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ಅವಳು ಆಗಲೇ ಯಾಂಗ್‌ಮಿಯ ಕಾರಿನೊಳಗೆ ಇಟ್ಟಾಗಿತ್ತು.

"ಹಿರಿಮಗನ ಮನೆ ಬಿಟ್ಟು ತಿಥಿ ಎಲ್ಲಾದ್ರೂ ನಡೆಯುತ್ತೇನೇ?" ಅತ್ತೆ ಎದೆ ಬಡಿದುಕೊಂಡಳು.

"ಇಲ್ಲಿ ಕುಡುಕಿ ಇದಾಳಲ್ಲ ಅತ್ತೆ, ಎಡೆ ಮೈಲಿಗೆ ಆಗುತ್ತೆ."

ಯಾಂಗ್‌ಮಿಯ ಮುಖ ಬಿಳಿಚಿತು. ಕರಿಯುವ ಬಾಣಲೆಯ ಮುಂದೆ ಅವಳು ಒಂದು ದಿನವೂ ಕೂತವಳಲ್ಲ. "ಅಕ್ಕಾ, ಏನೋ ತಮಾಷೆಗೆ ಅಂದಿದ್ದು..."

"ನನಗೆ ಹೇಳಬೇಡ. ಹಾರಿಮ್‌ಗೆ ಹೇಳು. ಹೇಳಿದ್ರೆ ಪೆಟ್ಟಿಗೆ ಇಳಿಸ್ತೀನಿ."

ಯಾಂಗ್‌ಮಿ ಹುಡುಗಿಯ ಎದುರು ನಿಂತು ಏನೋ ಗೊಣಗಿದಳು.

"ಕೇಳಿಸ್ಲಿಲ್ಲ ಚಿಕ್ಕಮ್ಮ," ಎಂದಳು ಹಾರಿಮ್.

"ತಪ್ಪಾಯ್ತು. ನೀನು ಕುಡಿದಿರಲಿಲ್ಲ. ನಿಮ್ಮಮ್ಮನೂ ಕುಡುಕಿ ಅಲ್ಲ. ಸಾಕಾ?"

ಈ ಸಲ ಮನೆಗೆಲ್ಲ ಕೇಳಿಸಿತು. ಯಾಂಗ್‌ಮಿ ಹಿಂದಿರುಗಿಯೂ ನೋಡದೆ ಕಾರು ಹತ್ತಿದಳು, ಮೈದುನ ತಲೆ ತಗ್ಗಿಸಿಕೊಂಡೇ ಹಿಂಬಾಲಿಸಿದ. ಪೆಟ್ಟಿಗೆ ಇಳಿಸಲು ಗಿತೇ ಹೆಜ್ಜೆ ಮುಂದಿಟ್ಟ. ಪಿಲ್‌ಸುನ್ ಅವನ ತೋಳು ಹಿಡಿದಳು, ಬಲಗೈಯಲ್ಲಿ, ಗಟ್ಟಿಯಾಗಿ. ಕಾರು ಬಾಣಲೆಗಳನ್ನು ಗಲಗಲ ಅನ್ನಿಸುತ್ತ ತಿರುವಿನಲ್ಲಿ ಮರೆಯಾಯಿತು.

"ಇಳಿಸ್ತೀನಿ ಅಂದಿದ್ಯಲ್ಲೇ?" ಎಂದ ಗಿತೇ.

"ಅಂದಿದ್ದೆ," ಎಂದು ಅವಳು ಗೇಟು ಹಾಕಿದಳು.