ಪೆಟಿಕೋಟಿನ ಗೆರೆ

ಬೆಳಕು ಹರಿಯುವ ಮುನ್ನ ಅವಳು ನಲ್ಲಿಯಲ್ಲಿ ನೀರು ಹಿಡಿಯಬೇಕು. ಅತ್ತೆಯ ಸ್ನಾನಕ್ಕೆ ನೀರು ಕಾಯಿಸಬೇಕು, ಹಾಲು ಉಕ್ಕದಂತೆ ಒಲೆಯ ಮುಂದೆ ಕಾವಲು ನಿಲ್ಲಬೇಕು, ಗೋದಾಮಿನ ರಾತ್ರಿಪಾಳಿ ಮುಗಿಸಿ ಬರುವ ಗಂಡನಿಗೆ ಅಡುಗೆ ಮಾಡಿ ಮುಚ್ಚಿಡಬೇಕು. ನಿದ್ದೆಯಲ್ಲಿರುವ ಮಗಳನ್ನು ಚಾಪೆಗೆ ಎತ್ತಿ ಮಲಗಿಸಿ, ಅವನು ಬಂದು ಮಲಗುವ ಹಾಸಿಗೆಯ ಹೊದಿಕೆ ಬದಲಿಸಬೇಕು. ರಾತ್ರಿ ಮಗಳು ಅದರ ಮೇಲೆ ಮಲಗಿರುತ್ತಾಳೆ, ಮುಲಾಮು ಅಂಟಿದ ಹೊದಿಕೆ ಅವನಿಗಾಗದು. ಅದನ್ನು ನೆನೆಹಾಕಬೇಕು. ಹಿಂದಿನ ದಿನ ಹೊಲಿದ ಶಾಲೆಯ ಸಮವಸ್ತ್ರಗಳಿಗೆ ಗುಂಡಿ ಹಾಕಿ ಇಸ್ತ್ರಿ ಮಾಡಬೇಕು. ಆಮೇಲೆ, ಮಗಳು ನಿದ್ದೆಯಲ್ಲಿರುವಾಗಲೇ, ಟ್ಯೂಬ್‌ಲೈಟ್ ಹಾಕಿ ಅವಳ ಅಂಗಿ ಎತ್ತಿ ಮೈ ನೋಡಬೇಕು. ಹೊಸ ಮಚ್ಚೆ ಎದ್ದಿದೆಯೇ, ಹಳೆಯದು ಹರಡಿದೆಯೇ, ಎಲ್ಲಾದರೂ ಗಟ್ಟಿಯಾಗಿ ಬೆರಳಿಗೆ ತಾಗುತ್ತದೆಯೇ.

ಮನೆಯವರ ಪ್ರಕಾರ ಅವಳ ಕೆಲಸ ಶುರುವಾಗುವುದು ಹೊಲಿಗೆ ಯಂತ್ರದ ಮುಂದೆ ಕೂತ ಮೇಲೆ. ಅದಕ್ಕೆ ಮುಂಚಿನದೆಲ್ಲ ಬರಿದೇ ಎದ್ದಿರುವುದು.

ಬೀದಿಯವರಿಗೆ ಅವಳು ಟೈಲರಮ್ಮ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮಗಳು ಬಟಾಣಿ; ಹುಟ್ಟಿದಾಗ ಅಷ್ಟೇ ಇದ್ದಳೆಂದು ಅಜ್ಜಿ ಇಟ್ಟ ಅಡ್ಡಹೆಸರು, ಮೂರನೇ ತರಗತಿಗೆ ಬಂದರೂ ಬಿಟ್ಟಿಲ್ಲ.

ಮಚ್ಚೆಗಳು ಬಂದದ್ದು ಅವಳು ಇನ್ನೂ ಅಕ್ಷರ ಕಲಿಯುವಾಗ. ತೋಳು, ಮೀನಖಂಡ, ಬೆನ್ನು, ಸೊಂಟ, ತೊಡೆಗಳ ಮೇಲೆ, ಒಗೆದು ಒಗೆದು ಬಣ್ಣ ಹೋದ ಬಟ್ಟೆಯಂಥ ತೆಳು ಬಿಳುಪು. ನೋವಿಲ್ಲ, ತುರಿಕೆಯೂ ಅಷ್ಟಕ್ಕಷ್ಟೇ. ಹುಳುಕಡ್ಡಿ ಎಂದರು, ಬಿಸಿಲು ಎಂದರು, ತಾಯಿ ಬಸುರಿನಲ್ಲಿ ತಿಂದದ್ದು ಸರಿಯಿಲ್ಲ ಎಂದರು. ಕಡೆಗೆ ಚರ್ಮದ ಡಾಕ್ಟರು ಸೊಂಟದಿಂದ ಕಾಳಿನಷ್ಟು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಬಂದ ಫಲಿತಾಂಶ ನಂಬದೆ ಇನ್ನೊಮ್ಮೆ ತೆಗೆದರು.

"ಚರ್ಮದ ಲಿಂಫೋಮಾ ಅಂತಾರೆ ಇದಕ್ಕೆ. ಕ್ಯಾನ್ಸರಿನ ಜಾತಿಯದೇ, ಮಕ್ಕಳಲ್ಲಿ ತೀರಾ ಅಪರೂಪ," ಎಂದರು ಡಾಕ್ಟರು. "ಆದ್ರೆ ಇದು ಓಡೋ ಕಾಯಿಲೆ ಅಲ್ಲಮ್ಮ, ತೆವಳೋ ಕಾಯಿಲೆ. ಬೆಳಕಿನ ಚಿಕಿತ್ಸೆ ಕೊಡೋಣ, ಮುಲಾಮು ಹಚ್ಚೋಣ, ವರ್ಷಗಟ್ಟಲೆ ಕಣ್ಣಿಟ್ಟಿರೋಣ. ಇವಳು ಓದ್ತಾಳೆ, ದೊಡ್ಡೋಳಾಗ್ತಾಳೆ."

ಕಣ್ಣಿಟ್ಟಿರೋಣ ಎಂದಾಗ ಅವರು ಎಲ್ಲರ ಮುಖವನ್ನೂ ನೋಡಿದ್ದರು. ಮನೆಗೆ ಬರುವಷ್ಟರಲ್ಲಿ ಆ ಕಣ್ಣು ಟೈಲರಮ್ಮನದೊಂದೇ ಆಗಿತ್ತು.

ದೀಪದ ಕೋಣೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಬೀರುವಿನಂಥ ಪೆಟ್ಟಿಗೆ, ಒಳಗೆ ಸುತ್ತಲೂ ಉದ್ದುದ್ದ ಟ್ಯೂಬುಗಳು. ವಾರಕ್ಕೆ ಮೂರು ದಿನ ಬೆಳಗ್ಗೆ ಮಗು ಕಪ್ಪು ಕನ್ನಡಕ ಹಾಕಿಕೊಂಡು ಅದರೊಳಗೆ ಬರಿಮೈಯಲ್ಲಿ ನಿಲ್ಲಬೇಕು.

"ನಾನೇನು ಬ್ರೆಡ್ಡಾ?" ಎಂದಿದ್ದಳು ಬಟಾಣಿ ಮೊದಲ ದಿನ.

"ಬ್ರೆಡ್ಡಾಗಿದ್ರೆ ಜಾಮ್ ಹಚ್ತಿದ್ವಿ. ಇಲ್ಲಿಗೆ ಬರೋವಾಗ ಮೈಗೆ ಏನೂ ಹಚ್ಚೋ ಹಾಗಿಲ್ಲ," ಎಂದಿದ್ದ ಪೆಟ್ಟಿಗೆ ನಡೆಸುವ ದೀಪದವನು.

ಅತ್ತೆಗೆ ನಗು ಬರಲಿಲ್ಲ. "ಗಂಡಸು ಓಡಾಡೋ ಕಡೆ ಹೆಣ್ಣುಮಗು ಬಟ್ಟೆ ಬಿಚ್ಚಿ ನಿಲ್ಲೋದಾ? ಪೆಟಿಕೋಟು ಇರ್ಲಿ. ಪರದೆ ಎಳೆದಿದ್ರೂ ಬಿಸಿಲು ಒಳಗೆ ಬರಲ್ವಾ? ದಿನಾ ಬಟ್ಟೆ ಜೊತೆ ಸಂಸಾರ ಮಾಡೋಳು, ನಿಂಗೆ ನಾನು ಹೇಳ್ಬೇಕಾ?"

ಗಂಡನಿಗೆ ಹೇಳಿದರೆ ಅವನು ಮಗ್ಗುಲು ಬದಲಿಸಿದ. "ಒಂದು ಪೆಟಿಕೋಟಿಗೆ ಮನೆ ಎರಡಾಗ್ಬೇಕಾ?"

ಆಗಬಾರದೆಂದು ಟೈಲರಮ್ಮ ಇರುವುದರಲ್ಲೇ ತೆಳುವಾದ ಬಟ್ಟೆ ಹುಡುಕಿ ಮೊಣಕಾಲಿನವರೆಗೆ ಬರುವ, ತೋಳಿಲ್ಲದ ಹೊಸ ಪೆಟಿಕೋಟು ಹೊಲಿದಳು. ಪೆಟ್ಟಿಗೆಯ ಮುಂದೆ ಇಳಿಬಿಟ್ಟ ಪರದೆಯ ಆಚೆಯಿಂದ ದೀಪದವನು ಪ್ರತಿ ಸಲ ಕೇಳುತ್ತಿದ್ದ, "ಎಲ್ಲಾ ತೆಗ್ದಿದ್ದೀರಾ?" ಸ್ಟೂಲಿನ ಮೇಲೆ ಕೂತ ಅತ್ತೆ ಪ್ರತಿ ಸಲ ಹೇಳುತ್ತಿದ್ದಳು, "ತೆಗ್ದಿದ್ದೀವಪ್ಪ." ಟೈಲರಮ್ಮ ಮಗಳ ಕನ್ನಡಕದ ಪಟ್ಟಿ ಬಿಗಿಮಾಡುತ್ತಿದ್ದಳು.

ಕೆಲವು ತಿಂಗಳ ಮೇಲೆ ಡಾಕ್ಟರು ತಪಾಸಣೆ ಮಾಡಿದರು. ತೋಳು, ಮೀನಖಂಡಗಳಲ್ಲಿ ಬಣ್ಣ ಮರಳಿತ್ತು. ಬೆನ್ನು, ಸೊಂಟ, ತೊಡೆಯ ಮಚ್ಚೆಗಳು ಇದ್ದಲ್ಲೇ ಇದ್ದವು, ಒಂದೆರಡು ಅಗಲವಾಗಿದ್ದವು.

"ಇಲ್ಲೊಂದು ಗೆರೆ ಕಾಣ್ತಿದೆಯಲ್ಲ," ಡಾಕ್ಟರು ಕನ್ನಡಕ ಏರಿಸಿದರು. "ಪೆಟ್ಟಿಗೆಯೊಳಗೆ ಏನಾದ್ರೂ ಹಾಕ್ಕೊಂಡಿರ್ತಾಳಾ?"

"ಇಲ್ಲಪ್ಪ. ಬಿಸಿಲಲ್ಲಿ ಕುಣೀತಾಳಲ್ಲ, ಫ್ರಾಕಿನ ಗೆರೆ ಅದು," ಎಂದಳು ಅತ್ತೆ.

ಡಾಕ್ಟರು ಟೈಲರಮ್ಮನ ಕಡೆ ತಿರುಗಿದರು. ಹೊರಗೆ ಯಾರೋ ಬಾಗಿಲು ತಟ್ಟುತ್ತಿದ್ದರು. ಅತ್ತೆಯ ಮೊಣಕೈ ಅವಳ ಪಕ್ಕೆಗೆ ತಾಗಿಕೊಂಡೇ ಇತ್ತು.

"ಹೌದು, ಫ್ರಾಕಿನದೇ," ಎಂದಳು ಟೈಲರಮ್ಮ.

"ಹಾಗಾದ್ರೆ ಬೆಳಕು ಸಾಲ್ತಿಲ್ಲ. ಮುಂದಿನ ವಾರದಿಂದ ಇಂಜೆಕ್ಷನ್ ಶುರು ಮಾಡೋಣ. ಜ್ವರ ಬರುತ್ತೆ, ಮೈಕೈ ನೋವು, ಊಟ ಸೇರಲ್ಲ. ತಡ್ಕೋಬೇಕು."

ಮಗಳ ಫ್ರಾಕುಗಳಿಗೆಲ್ಲ ತೋಳಿದೆ. ಆ ಗೆರೆಗೆ ತೋಳಿರಲಿಲ್ಲ. ಬಟಾಣಿ ಎಡಚಿ, ಕೈ ಆಡಲೆಂದು ಅವಳ ಬಟ್ಟೆಗೆಲ್ಲ ಟೈಲರಮ್ಮ ಎಡಗಂಕುಳಲ್ಲಿ ಬೆರಳಗಲ ಹೆಚ್ಚಾಗಿ ಕತ್ತರಿಸುತ್ತಾಳೆ. ದಿನಾ ಮಚ್ಚೆಗಳನ್ನಷ್ಟೇ ಹುಡುಕುತ್ತಿದ್ದವಳು ಸಂಜೆ ಮಗಳಿಗೆ ಸ್ನಾನ ಮಾಡಿಸುವಾಗ ಗೆರೆ ನೋಡಿದಳು: ಕಪ್ಪಾದ ಚರ್ಮಕ್ಕೂ ಕಪ್ಪಾಗದ ಚರ್ಮಕ್ಕೂ ನಡುವಿನ ಗೆರೆ ಬಲಗಡೆ ಸಾದಾ ಇಳಿದು, ಎಡಗಡೆ ಅದೇ ಬೆರಳಗಲ ಒಳಕ್ಕೆ ಬಾಗಿತ್ತು. ಅವಳದೇ ಕತ್ತರಿ. ಉಳಿದ ಮಚ್ಚೆಗಳೆಲ್ಲ ಆ ಗೆರೆಯ ಒಳಗೆ ಸುರಕ್ಷಿತವಾಗಿದ್ದವು.

"ನಾಳೆ ಪೆಟಿಕೋಟು ಬೇಡ ಕಣೇ," ಎಂದಳು ಮೆಲ್ಲಗೆ.

"ಆ ಅಂಕಲ್ ನೋಡಿದ್ರೆ?"

"ಪೆಟ್ಟಿಗೆ ಬಾಗಿಲು ಮುಚ್ಚಿದ ಮೇಲೆ ನೀನೇ ತೆಗೆದು ಸಂದಿಯಿಂದ ನಂಗೆ ಕೊಡು. ಪರದೆ ಈಚೆ ನಾನಿರ್ತೀನಿ, ಬೇರೆ ಯಾರೂ ಬರಲ್ಲ."

ಬಟಾಣಿ ಯೋಚಿಸಿದಳು. "ಅಜ್ಜಿಗೆ ಏನ್ ಹೇಳೋದು?"

"ಏನೂ ಬೇಡ."

ಹೀಗೆ ಸದ್ದಿಲ್ಲದೆ ಸರಿಮಾಡಿಬಿಡಬಹುದು ಎಂದುಕೊಂಡು ಟವಲು ಹಿಂಡುತ್ತಿದ್ದವಳಿಗೆ ದೀಪದ ಕೋಣೆಯ ಮುದುಕ ನೆನಪಾದ. ಗಂಡಸರು ಪೆಟ್ಟಿಗೆಯೊಳಗೂ ಹಾಕಿಕೊಳ್ಳಬೇಕಾದ ಒಳಚಡ್ಡಿ ಮರೆತು ಬಂದಿದ್ದ ಅವನನ್ನು ದೀಪದವನು ಒಳಗೇ ಬಿಟ್ಟಿರಲಿಲ್ಲ. "ತಾತ, ನಿಮ್ಮ ಮೈಯನ್ನ ಸ್ವಲ್ಪಸ್ವಲ್ಪವೇ ಈ ಬೆಳಕಿಗೆ ಪಳಗಿಸಿದ್ದೀವಿ. ಇಷ್ಟು ದಿನ ಮುಚ್ಚಿದ್ದ ಜಾಗಕ್ಕೆ ಒಂದೇ ಸಲ ಇಷ್ಟು ಬಿದ್ರೆ ಬೆಂದುಹೋಗುತ್ತೆ. ಆಮೇಲೆ ಕೂರೋಕೂ ಆಗಲ್ಲ." ಸಾಲಿನಲ್ಲಿದ್ದವರೆಲ್ಲ ನಕ್ಕಿದ್ದರು, ಅವಳೂ ನಕ್ಕಿದ್ದಳು.

ಹರಿದದ್ದನ್ನು ಹೊರಗೆ ಕಾಣದಂತೆ ಒಳಗಿನಿಂದ ಹೊಲಿಯುವುದು ಅವಳ ಕಸುಬು. ಇದನ್ನು ಹಾಗೆ ಹೊಲಿಯಲು ಬರುವಂತಿರಲಿಲ್ಲ. ಪೆಟಿಕೋಟು ತೆಗೆದು ಸುಮ್ಮನಿದ್ದರೆ ಮಗಳ ಬೆನ್ನು ಸುಡುತ್ತದೆ. ತೆಗೆಯದೆ ಸುಮ್ಮನಿದ್ದರೆ ಬೇಡದ ಇಂಜೆಕ್ಷನ್ ಚುಚ್ಚುತ್ತಾರೆ. ಬಾಯಿ ಬಿಡಬೇಕು. ಬಿಟ್ಟರೆ, ಇಷ್ಟು ದಿನ ಸುಳ್ಳು ಹೇಳಿದ್ದು ಯಾರು ಎಂಬ ಮಾತು ಆಸ್ಪತ್ರೆಯಿಂದ ಮನೆಗೆ ಬರುತ್ತದೆ. ಹಿಂದೊಮ್ಮೆ ಒಂದು ಬಾಣಲೆ ಸೀದದ್ದಕ್ಕೆ ಅತ್ತೆ ಇಡೀ ಬೇಸಿಗೆ ಅವಳ ಜೊತೆ ಮಾತು ಬಿಟ್ಟಿದ್ದಳು. ಈಗ ಮಗುವನ್ನು ಶಾಲೆಯಿಂದ ಕರೆತರುವವಳು, ಜಡೆ ಹಾಕುವವಳು, ಅಮ್ಮ ಯಂತ್ರ ತುಳಿಯುವಾಗ ಕಥೆ ಹೇಳಿ ಉಣ್ಣಿಸುವವಳು ಅದೇ ಅತ್ತೆ. ಆ ಕೈ ಹಿಂದಕ್ಕೆ ಹೋದರೆ ಯಂತ್ರ ನಿಲ್ಲುತ್ತದೆ. ಗಂಡ ಮಗ್ಗುಲು ಬದಲಿಸುತ್ತಾನೆ. ಎತ್ತ ತಿರುಗಿದರೂ ಅದೇ ಗೋಡೆ.

ಮರುದಿನ ಬೆಳಕು ಹರಿಯುವ ಮುನ್ನ ಎದ್ದಳು. ಕೊಡ ನಲ್ಲಿಯ ಕೆಳಗಿಟ್ಟಳು; ಅದು ತುಂಬಿ ಹರಿಯತೊಡಗಿದಾಗ ನಲ್ಲಿ ತಿರುಗಿಸಿ ಅಲ್ಲೇ ನಿಂತಳು. ಒಲೆ ಹಚ್ಚಲಿಲ್ಲ. ಹಾಲಿನ ಪಾತ್ರೆ ತಣ್ಣಗೆ ಕೂತಿತ್ತು. ಗುಂಡಿ ಹಾಕದ ಸಮವಸ್ತ್ರಗಳು ಕುರ್ಚಿಯ ಮೇಲಿದ್ದವು. ನಿಜ ಹೇಳಲು ಡಾಕ್ಟರು ಬರುವವರೆಗೆ ಆಸ್ಪತ್ರೆಯ ಬೆಂಚಿನ ಮೇಲೆ ಕಾದರೆ ಅವು ಇವತ್ತು ಶಾಲೆ ಸೇರುವುದಿಲ್ಲ.

ಹಗ್ಗದ ಮೇಲಿದ್ದ ಪೆಟಿಕೋಟು ತೆಗೆದು, ಎಡಗಂಕುಳು ಮೇಲೆ ಬರುವಂತೆ ಮಡಿಸಿ, ಆಸ್ಪತ್ರೆಯ ಚೀಲಕ್ಕೆ ಹಾಕಿದಳು. ಹೇಳಲಾಗದಿದ್ದರೆ ಇದನ್ನು ಡಾಕ್ಟರ ಮೇಜಿನ ಮೇಲಿಟ್ಟರಾಯಿತು.

ಒಳಕೋಣೆಯಿಂದ ಅತ್ತೆಯ ದನಿ ಬಂತು. "ಏನೇ, ನೀರು ಕಾಯೋಕೆ ಇಟ್ಟಿಲ್ವಾ? ಹೊರಡೋ ಹೊತ್ತಾಯ್ತಲ್ಲ."

"ನೀವು ಮಲಗಿ ಅತ್ತೆ. ಇವತ್ತು ನಾವಿಬ್ರೇ ಹೋಗಿ ಬರ್ತೀವಿ."

ಮಂಚ ಕಿರುಗುಟ್ಟಿತು. "ಯಾಕೆ?"

ಅವಳು ಮಗಳ ಚಪ್ಪಲಿ ಬಾಗಿಲ ಹತ್ತಿರ ಜೋಡಿಸಿಟ್ಟಳು. "ಬಂದು ಹೇಳ್ತೀನಿ," ಎಂದಳು, ಬಟಾಣಿಯನ್ನು ಎಬ್ಬಿಸಲು ಹೋದಳು.